ಮೂಲಂಗಿ ಕಂಪನಿಯ ಹನ್ನೊಂದನೆಯ ಕೂಸು

ನನ್ನ ರೆಕಾರ್ಡು ಕಂಪನಿಯ ಹೆಸರು ತುರ್ಪ್, ಅಂದರೆ ಮೂಲಂಗಿ. ಹೆಸರಿಟ್ಟ ದಿನ ನಮ್ಮ ತೊಕ್ಮೊಕ್ ಪೇಟೆಯಲ್ಲಿ ಯಾರೂ ಮೆಚ್ಚಲಿಲ್ಲ. ಒಂಬತ್ತು ವರ್ಷ ಕಳೆದರೂ ಮೆಚ್ಚಿಲ್ಲ. ಆಫೀಸು ನಮ್ಮ ಅಂಗಳದ ಬೇಸಿಗೆ ಅಡುಗೆಮನೆ. ಮಾಲೀಕ, ಗುಮಾಸ್ತ, ಕಸ ಗುಡಿಸುವವನು ಮೂರೂ ನಾನೇ, ತಿಲೆಕ್ ಎಂಬ ಮೂವತ್ತೆಂಟರ ಬ್ರಹ್ಮಚಾರಿ. ಹೊಟ್ಟೆಪಾಡಿಗೆ ಶಾಲೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ.

ನಾವು ಹೊರತರುವುದು ಎಲೆಕ್ಟ್ರಾನಿಕ್ ಪಾಪ್ ಹಾಡುಗಳನ್ನು. ಹಾಗೆಂದ ಕೂಡಲೇ ಮದುವೆ ಮನೆಯ ಕೀಬೋರ್ಡು ನೆನೆಸಿಕೊಳ್ಳಬೇಡಿ. ನಮ್ಮ ಒಬ್ಬ ಜೇನು ಸಾಕುವವನು ಗೂಡಿನ ಗುಂಯ್‌ಗಾಟಕ್ಕೆ ತಾಳ ಕಟ್ಟಿ ಕುಣಿತದ ಹಾಡು ಮಾಡಿದ್ದಾನೆ. ಇಬ್ಬರು ಅಕ್ಕತಂಗಿಯರು ಆಟಿಕೆ ಪಿಯಾನೊ ಬಾರಿಸುತ್ತ ಹವಾಮಾನ ವರದಿ ಹಾಡಿದ್ದಾರೆ, ಅದೂ ಹೋದ ವರ್ಷದ್ದು. ಒಬ್ಬ ಅಂಚೆಯವನು ಊರಿನ ಬಾಗಿಲುಗಳ ಬೆಲ್ಲುಗಳನ್ನೆಲ್ಲ ಸೇರಿಸಿ ಒಂದು ಪ್ರೇಮಗೀತೆ ಹೊಸೆದಿದ್ದಾನೆ. ಹೀಗೆ ಹತ್ತು ಕ್ಯಾಸೆಟ್ಟು ಬಂದವು, ಒಂದೊಂದಕ್ಕೂ ಐವತ್ತು ಪ್ರತಿ. ಬರ್ಲಿನ್‌ನಲ್ಲಿ ಒಬ್ಬ, ಒಸಾಕಾದಲ್ಲಿ ಒಬ್ಬ ತಪ್ಪದೆ ಕೊಳ್ಳುತ್ತಾರೆ. ಉಳಿದವು ಅಮ್ಮನ ಕಾಲದ ರಜಾಯಿಗಳ ನಡುವೆ ಬೀರುವಿನಲ್ಲಿ ಮಲಗಿವೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಆ ಹತ್ತೂ ಮುದ್ದೇ.

ನನ್ನ ತಂದೆಗೆ ಮಾತ್ರ ಅಲ್ಲ. ಆತಾ, ಅಪ್ಪನನ್ನು ನಾವು ಕರೆಯುವುದು ಹಾಗೆ, ಮೂವತ್ತೈದು ವರ್ಷ ರೇಡಿಯೋ ಇಲಾಖೆಯಲ್ಲಿ ತಂತಿ ನೋಡಿಕೊಳ್ಳುತ್ತಿದ್ದರು. ಎಲ್ಲಿ ಗುಂಯ್ ಅಂದಿತು, ಎಲ್ಲಿ ಚರಚರ ಅಂದಿತು ಎಂದು ಹುಡುಕಿ ಅದನ್ನು ತೆಗೆಯುವುದೇ ಅವರ ಕೆಲಸ. ನನ್ನ ಮೊದಲ ಕ್ಯಾಸೆಟ್ಟು ಬಂದಾಗ ನೆಂಟರ ಮುಂದೆ ಒಂದೇ ಮಾತು ಹೇಳಿದರು:

"ನಾನು ಜೀವಮಾನವಿಡೀ ತಂತಿಯಿಂದ ತೆಗೆದುಹಾಕಿದ್ದನ್ನ ನನ್ನ ಮಗ ಡಬ್ಬೀಲಿ ತುಂಬಿ ಮಾರ್ತಾನೆ."

ಹಾಗಂತ ಹರಸದೆ ಬಿಟ್ಟವರಲ್ಲ. ಪ್ರತಿ ಕ್ಯಾಸೆಟ್ಟಿಗೂ ಎರಡು ಅಂಗೈ ತೆರೆದು, ಒಳ್ಳೆಯದಾಗಲಿ, ಬಾಳಲಿ, ಬೆಳೆಯಲಿ ಎಂದು ಹೇಳಿ, ಓಮಿನ್ ಎಂದು ಮುಖ ಸವರಿಕೊಂಡು ಎದ್ದುಹೋಗುತ್ತಿದ್ದರು. ಒಂದನ್ನೂ ಕೇಳಲಿಲ್ಲ. ಮೊದಲು ಕೇಳಿ ಆಮೇಲೆ ಹರಸಿ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಮಗುವನ್ನು ಹರಸಲು ಅದರ ಅಳು ಕೇಳಲೇಬೇಕೆಂದು ಎಲ್ಲಿ ಬರೆದಿದೆ ಎಂದರು. ಒಂಬತ್ತು ವರ್ಷ ನಾನೂ ಅದನ್ನು ಕಿವಿಗೆ ಹಾಕಿಕೊಳ್ಳದವನ ಹಾಗೆ ಓಡಾಡಿದೆ. ಹನ್ನೊಂದನೆಯದು ಬಂದ ಮೇಲೆ ಆಗಲಿಲ್ಲ. ಅದನ್ನು ಅವರು ಕೇಳಲೇಬೇಕಿತ್ತು, ಉಳಿದವರಿಗಿಂತ ಮೊದಲು.

ಹನ್ನೊಂದನೆಯದನ್ನು ಮಾಡಿದವಳು ಪೆರಿಝಾತ್. ಪೇಟೆಯ ದಂತ ಚಿಕಿತ್ಸಾಲಯದಲ್ಲಿ ಕಟ್ಟುಹಲ್ಲು ಮಾಡುವ ಹುಡುಗಿ. ಕಿಟಕಿಯ ಮೇಲೆ ಒಂದು ಸಣ್ಣ ರೆಕಾರ್ಡರ್ ಇಟ್ಟುಕೊಂಡು ಹಲ್ಲು ಕೊರೆಯುವ ಯಂತ್ರ, ಉಗುಳುವ ಬೇಸಿನ್ನು, ರೋಗಿಗಳ ಆ ಆ ಎಲ್ಲವನ್ನೂ ಹಿಡಿದಿಟ್ಟು, ಮೇಲೆ ತನ್ನ ಎಳೆದನಿಯಲ್ಲಿ ಹಾಡುತ್ತಾಳೆ. ಹೆಸರು «ಬಾಯಿ ತೆಗೆಯಿರಿ». ಕೇಳಿದವರು ಮೊದಲು ದವಡೆ ಹಿಡಿದುಕೊಳ್ಳುತ್ತಾರೆ, ಆಮೇಲೆ ಕಾಲು ಕುಣಿಸುತ್ತಾರೆ. ಇದನ್ನು ಕ್ಯಾಸೆಟ್ಟಿನಲ್ಲಿ ಕೊಲ್ಲಬಾರದು, ದೊಡ್ಡ ಕಪ್ಪು ರೆಕಾರ್ಡೇ ಮಾಡಿಸಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಮೂರನೆಯ ಹಾಡು ಶುರುವಾದಾಗ ನಾನು ಆಫೀಸಿನಲ್ಲಿ ಸಿಗರೇಟು ಸೇದುತ್ತಿದ್ದೆ. ಥಪ್ ಎಂದು ಒಂದು ಹೆಜ್ಜೆ, ಸ್ವಲ್ಪ ಬಿಟ್ಟು ಸರ್ರ್ ಎಂದು ಇನ್ನೊಂದು. ಥಪ್, ಸರ್ರ್. ಕೈ ತಾನಾಗಿ ಸಿಗರೇಟನ್ನು ನೆಲಕ್ಕೆ ಒತ್ತಿ ನಂದಿಸಿತು. ಎದ್ದು ಬಾಗಿಲ ಕಡೆ ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆತಾ ಸ್ಪೀಕರಿನೊಳಗಿದ್ದರು.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಪ್ರಸಾರದ ಕಂಬದಿಂದ ಬಿದ್ದಾಗಿನಿಂದ ಅವರ ಎಡಗಾಲು ಎಳೆಯುತ್ತದೆ. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾಲ್ಕು ಜನರ ಎದುರು ಅವರು ಕೂರುವುದೂ ಇಲ್ಲ. ಕೂತರೆ ಏಳುವಾಗ ಕಷ್ಟಪಡುವುದು ಕಾಣುತ್ತದೆ, ಅದಕ್ಕೆ. ಯಾವ ಔತಣಕ್ಕೆ ಹೋದರೂ ಕಡಾಯಿಯ ಪಕ್ಕ ಜಾಲರಿ ಸೌಟು ಹಿಡಿದು ನಿಂತುಬಿಡುತ್ತಾರೆ. ಹೋದ ಚಳಿಗಾಲ ಹೊಸ ಹಲ್ಲಿನ ಕಟ್ಟಿಗಾಗಿ ಆರು ಮಧ್ಯಾಹ್ನ ಚಿಕಿತ್ಸಾಲಯದ ಕಾರಿಡಾರಿನಲ್ಲಿ ಕಾಯ್ದಿದ್ದರಲ್ಲ, ಆಗಲೂ ಬೆಂಚಿನ ಮೇಲೆ ಕೂರದೆ ಅತ್ತಿಂದಿತ್ತ ನಡೆದಿದ್ದಾರೆ. ರೆಕಾರ್ಡರ್ ಅದನ್ನು ನುಂಗಿದೆ. ಪೆರಿಝಾತ್ ಅದರ ಮೇಲೆ ಹಾಡು ಕಟ್ಟಿದ್ದಾಳೆ: ಕೂರಿ ಅಂದ್ರೆ ಕೂರಲ್ಲ, ನೋವಾ ಅಂದ್ರೆ ಒಪ್ಪಲ್ಲ. ಆ ಮುದುಕರು ನನ್ನ ತಂದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಳಿಚಿಕೊಂಡಳು.

ಆ ಹಾಡು ತೆಗೆದುಬಿಡೋಣ ಎಂದು ಅವಳೇ ಹೇಳಿದಳು. ನಾನು ಇನ್ನೊಮ್ಮೆ ಕೇಳಿದೆ. ಹಾಡಿನಲ್ಲಿ ಹಂಗಿಸುವ ಒಂದು ಎಳೆಯೂ ಇರಲಿಲ್ಲ. ಒಬ್ಬ ಹಟಮಾರಿ ಮನುಷ್ಯನ ಮೇಲೆ ಪ್ರೀತಿ ಇತ್ತು, ಅಷ್ಟೇ. ಒಂಬತ್ತು ವರ್ಷದಲ್ಲಿ ಮೂಲಂಗಿ ಹೊರತಂದ ಅತ್ಯುತ್ತಮ ಹಾಡು ಅದು, ಇದನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಆದರೆ ಆತಾ ಹಾಗೆ ಕೇಳಿಸಿಕೊಳ್ಳದಿದ್ದರೆ? ಊರವರೆದುರು ಮಗ ತನ್ನ ಕುಂಟುಕಾಲನ್ನು ತಾಳ ಮಾಡಿ ಮಾರಿದ ಎಂದುಕೊಂಡರೆ? ಹಾಗಾದರೆ ನನಗೆ ಕಂಪನಿಯೂ ಬೇಡ, ಹಾಡೂ ಬೇಡ. ಅದಕ್ಕೇ ಮೊದಲು ಅವರೊಬ್ಬರಿಗೇ ಕೇಳಿಸಿ ಒಪ್ಪಿಗೆ ಪಡೆಯಬೇಕು ಎಂದುಕೊಂಡೆ.

ಪರೀಕ್ಷೆಗೆಂದು ಒಂದು ಪ್ರತಿ ಮುಂಚಿತವಾಗಿ ಬಂದಿತ್ತು. ನಮ್ಮ ಮನೆಯ ಹಳೆಯ ರೇಡಿಯೋಲಾ, ರೇಡಿಯೋ ಮತ್ತು ರೆಕಾರ್ಡು ಪ್ಲೇಯರ್ ಎರಡೂ ಇರುವ ನಾಲ್ಕು ಮರದ ಕಾಲಿನ ದೊಡ್ಡ ಪೆಟ್ಟಿಗೆ, ಅದರ ಮೇಲೆ ಹಾಕಿದೆ. ಮೊದಲ ಹಾಡಿನ ಕೊರೆಯುವ ಸದ್ದು ಬಂದದ್ದೇ ತಡ, ಆತಾ ಎದ್ದು ಪ್ಲಗ್ಗು ಕಿತ್ತರು. ಅರ್ತಿಂಗ್ ಸರಿಯಿಲ್ಲ ಎಂದರು. ಪೆಟ್ಟಿಗೆಯ ಬೆನ್ನು ಬಿಚ್ಚಿ ಎರಡು ಗಂಟೆ ಕೂತು, ಅಲ್ಲಿಲ್ಲದ ದೋಷವನ್ನು ಹುಡುಕಿದರು. ವಾರ ಬಿಟ್ಟು ಮತ್ತೆ ಹಾಕಿದಾಗ ಹೊಸ ಹಲ್ಲು ನೋಯುತ್ತಿದೆ ಎಂದು ಹೊರಗೆ ಹೋದರು. ಮೂರನೆಯ ಹಾಡಿನವರೆಗೆ ಅವರನ್ನು ತಲುಪಿಸಲು ನನ್ನಿಂದಾಗಲಿಲ್ಲ. ಬಾಯಿಬಿಟ್ಟು ಹೇಳೋಣವೆಂದರೆ ಕಾಲಿನ ವಿಷಯ, ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ನೂರು ರೆಕಾರ್ಡುಗಳ ಪೆಟ್ಟಿಗೆ ಬಂತು, ಅದರ ಹಿಂದೆಯೇ ನಮ್ಮ ಬುರುಲ್ಚಾ ತಾಯೆಜೆ ಬಂದಳು. ಅಮ್ಮನ ತಂಗಿ, ಪಕ್ಕದ ಮನೆ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರ ಮೇಲೆ ಪಾರುಪತ್ಯ ಅವಳದೇ. ಪೆಟ್ಟಿಗೆಯನ್ನು ಒಂದು ಸುತ್ತು ಬಂದು, ಫೋನು ಹಿಡಿದು, ತಿಲೆಕನ ಹನ್ನೊಂದನೆಯದು ಬಂತು ಎಂದು ಊರಿಗೆಲ್ಲ ಸಾರಿದಳು. ಹಿಂದಿನ ಬೀದಿಗೆ ಹೊಸದಾಗಿ ಬಂದ ಒಬ್ಬಾಕೆ ಸಂಜೆ ಕೂಸಿನ ಉಣ್ಣೆಯ ಕಾಲುಚೀಲ ಹೆಣೆದು ತಂದು, ಇಷ್ಟೊಂದು ಮಕ್ಕಳ ತಾಯಿ ಎಲ್ಲಿ ಎಂದು ಮರುಕದಿಂದ ಕೇಳಿದಳು. ರೆಕಾರ್ಡು ನೋಡಲು ಬಂದಿದ್ದ ಪೆರಿಝಾತ್ ಬಾಯಿಗೆ ಕೈ ಅಡ್ಡ ಹಿಡಿದು ಒಳಗೋಡಿದಳು.

ತಾಯೆಜೆಯ ಪ್ರಕಾರ ನನ್ನ ಹತ್ತು ಕೂಸುಗಳೂ ಹೊಸಿಲು ದಾಟದೆ ಬೀರುವಿನಲ್ಲಿ ಬಿದ್ದಿರಲು ಕಾರಣ ಒಂದೇ. ಯಾವುದಕ್ಕೂ ತುಶೋ, ಅಂದರೆ ಕಾಲಿನ ದಾರ, ಕತ್ತರಿಸಿಲ್ಲ. ನಡಿಗೆ ಕಲಿಯುವ ಮಗುವಿನ ಎರಡು ಕಾಲಿಗೆ ಕಪ್ಪು ಬಿಳಿ ಉಣ್ಣೆಯ ದಾರ ಸುತ್ತಿ, ನೆಂಟರು ಓಡಿ, ಗೆದ್ದವನು ಚಾಕುವಿನಿಂದ ಅದನ್ನು ಕತ್ತರಿಸಬೇಕು. ಕತ್ತರಿಸಿದವನ ನಡಿಗೆಯೇ ಮಗುವಿಗೆ ಬರುತ್ತದೆ. ಅದಕ್ಕೇ ಯಾರನ್ನೆಂದರೆ ಅವರನ್ನು ಓಡಿಸುವುದಿಲ್ಲ. ನನ್ನ ದಾರ ಕತ್ತರಿಸಿದವನು ಆಗ ಬೀದಿಗೇ ದೊಡ್ಡ ಓಟಗಾರ. ಆಮೇಲೆ ಹೆಂಡತಿಯನ್ನೂ ಬಿಟ್ಟು ಓಡಿದ. ನಾನು ಮದುವೆ ಮಾತೆತ್ತಿದರೆ ಓಡುವುದು ಅದರಿಂದಲೇ ಎಂದು ತಾಯೆಜೆ ಇವತ್ತಿಗೂ ನಂಬಿದ್ದಾಳೆ.

"ನೂರು ತಟ್ಟೆಗೆ ನೂರು ದಾರ ಕಟ್ಟೋಕಾಗಲ್ಲ," ಎಂದಳು. "ರೇಡಿಯೋಲಾಗೆ ಕಾಲಿದೆ. ಅದಕ್ಕೇ ಕಟ್ಟೋಣ. ಎರ್ನಾಝರ್ ಕತ್ತರಿಸ್ಲಿ."

ಎರ್ನಾಝರ್ ನನ್ನ ದಾಯಾದಿಯ ಮಗ, ಜಿಲ್ಲಾ ಮಟ್ಟದ ಕುಸ್ತಿಪಟು, ಕಂಬದಂಥ ಎರಡು ಕಾಲು. ತಾಯೆಜೆ ಇದನ್ನು ಹೇಳುವಾಗ ಆತಾ ಅಲ್ಲೇ ನಿಂತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ. ಬೂರ್ಸೋಕ್ ಕರಿಯಲು ಎಷ್ಟು ಹಿಟ್ಟು ಕಲಸಬೇಕು ಎಂದು ಮಾತ್ರ ಕೇಳಿದರು. ನಮ್ಮ ಕುಲದಲ್ಲಿ ಎಷ್ಟು ಮಕ್ಕಳು ನಡೆಯಲು ಕಲಿತರೋ ಲೆಕ್ಕವಿಲ್ಲ, ಒಂದು ದಾರಕ್ಕೂ ಯಾರೂ ಅವರನ್ನು ಕರೆದದ್ದಿಲ್ಲ. ದಾರ ಹೊರಗೆ ಬಂದ ಕೂಡಲೇ ಅವರು ತಾವಾಗಿ ಕಡಾಯಿಯ ಕಡೆ ಹೋಗಿಬಿಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು, ನಮ್ಮ ಆತಾಗೆ ಅಡುಗೆ ಇಷ್ಟ ಎಂದೇ ತಿಳಿದಿದ್ದೆ.

ಭಾನುವಾರ ಐವತ್ತು ಜನ ಸೇರಿದರು. ರೇಡಿಯೋಲಾ ಅಂಗಳದ ನಡುವೆ ಚಾಪೆಯ ಮೇಲೆ ಬಂತು, ಮುಂದಿನ ಎರಡು ಕಾಲಿಗೆ ದಾರ ಕಟ್ಟಿದ್ದಾಯಿತು. ನಾನು ಗೇಟಿನ ಮೇಲೊಂದು ಸ್ಪೀಕರು ಸಿಕ್ಕಿಸಿದ್ದೆ. ಅಳದ ಕೂಸಿಗಾಗಿ ಯಾರು ಓಡುತ್ತಾರೆ, ತಟ್ಟೆ ಹಾಕು ಎಂದು ತಾಯೆಜೆಯ ಅಪ್ಪಣೆಯಾಯಿತು. ಸರಿ, ಓಟ ಎರಡು ಹಾಡಿನೊಳಗೆ ಮುಗಿಯುತ್ತದೆ, ಮೂರನೆಯದಕ್ಕೆ ಮುಂಚೆ ಮುಳ್ಳು ಎತ್ತಿದರಾಯಿತು ಎಂದು ನಾನು ಲೆಕ್ಕ ಹಾಕಿದೆ. ಆದರೆ ಕೂಸಿನ ತಂದೆಯೇ ಓಟಕ್ಕೆ ಕರವಸ್ತ್ರ ಬೀಸಬೇಕಂತೆ. ನನ್ನನ್ನು ಓಣಿಯ ಆ ತುದಿಗೆ, ಪಾಪ್ಲರ್ ಮರಗಳ ಹತ್ತಿರಕ್ಕೆ ಅಟ್ಟಿದರು. ಮುಳ್ಳಿನ ಕಾವಲಿಗೆ ತಾಯೆಜೆ ನಿಂತಳು.

ಅಲ್ಲಿ ಏಳು ಜನ ಓಟಗಾರರು. ಮೊದಲ ಹಾಡಿನುದ್ದಕ್ಕೂ ಅವರು ಕುಸ್ತಿಪಟು ಎಷ್ಟು ಹೆಜ್ಜೆ ಹಿಂದೆ ನಿಲ್ಲಬೇಕು ಎಂದು ವಾದಿಸಿದರು. ಎರಡನೆಯ ಹಾಡಿನುದ್ದಕ್ಕೂ, ಬೂಟು ಹಾಕಿದವನು ಬೂಟು ಬಿಚ್ಚಬೇಕೇ ಎಂದು ಜಗಳ. ನಾನು ಕೈಮುಗಿದು ಓಡ್ರಪ್ಪಾ ಎಂದೆ. ಎರ್ನಾಝರ್ ನಿಧಾನವಾಗಿ ಸಿಗರೇಟು ಹಚ್ಚಿದ.

ಆಗ ಗೇಟಿನ ಮೇಲಿಂದ ಕೇಳಿಸಿತು. ಥಪ್, ಸರ್ರ್. ಥಪ್, ಸರ್ರ್.

ಎರ್ನಾಝರ್ ಸಿಗರೇಟನ್ನು ಪಕ್ಕದ ಕಾಲುವೆಗೆ ಎಸೆದು ಬೆನ್ನು ನೆಟ್ಟಗೆ ಮಾಡಿದ. ಉಳಿದ ಆರೂ ಜನ ಸಾಲಾಗಿ ನಿಂತು, ಎದೆಯ ಮೇಲೆ ಕೈಯಿಟ್ಟು, ಹಿರಿಯರು ಎಲ್ಲಿಂದ ಬರುತ್ತಿದ್ದಾರೆ ಎಂದು ಹುಡುಕಿದರು. ತೆರೆದ ಗೇಟಿನೊಳಗೆ ನನಗೆ ಇಡೀ ಅಂಗಳ ಕಾಣುತ್ತಿತ್ತು. ಊಟದ ಹಾಸಿನ ಸುತ್ತ ಕೂತಿದ್ದ ಐವತ್ತು ಜನ ಒಟ್ಟಿಗೇ ಎದ್ದು ನಿಂತರು. ಸೊಸೆಯಂದಿರು ತಲೆವಸ್ತ್ರ ಎಳೆದುಕೊಂಡರು. ಒಬ್ಬ ಮಾವ ವೋದ್ಕಾದ ಲೋಟವನ್ನು ಚಹಾದ ಕೆಟಲಿನ ಹಿಂದೆ ಸರಿಸಿದ. ಮೇಲಿನ ಜಾಗದಲ್ಲಿ ಒರಗಿದ್ದವರು ಜಾಗ ಬಿಟ್ಟುಕೊಟ್ಟರು. ನಲವತ್ತು ವರ್ಷದಿಂದ ಆ ಹೆಜ್ಜೆ ಕೇಳಿದ ಕೂಡಲೇ ಹರಟೆ ನಿಲ್ಲಿಸಿ ಎದ್ದು ರೂಢಿಯಾದ ಮನೆ. ಎಲ್ಲರೂ ಬಾಗಿಲ ಕಡೆ ನೋಡುತ್ತ ನಿಂತರು. ಹೆಜ್ಜೆ ಬರುತ್ತಲೇ ಇತ್ತು, ಮನುಷ್ಯ ಬರಲಿಲ್ಲ.

ಆತಾ ಕಡಾಯಿಯ ಪಕ್ಕ ಸೌಟು ಹಿಡಿದು ನಿಂತು ಇವರನ್ನೆಲ್ಲ ನೋಡುತ್ತಿದ್ದರು. ಮೊದಲು ಅವರಿಗೂ ಅರ್ಥವಾಗಲಿಲ್ಲ. ತಾವೇ ಬಾಗಿಲ ಕಡೆ ತಿರುಗಿ, ಬರುತ್ತಿರುವ ಹಿರಿಯರಿಗಾಗಿ ಟೊಪ್ಪಿ ಸರಿಮಾಡಿಕೊಂಡರು. ಆಮೇಲೆ ಕೆಳಗೆ ತಮ್ಮ ಕಾಲನ್ನು ನೋಡಿಕೊಂಡರು.

ನಾನು ಓಡಿದೆ. ಮುಳ್ಳು ಎತ್ತಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಕೈಯಲ್ಲಿ ಕರವಸ್ತ್ರ ಇದ್ದದ್ದು ಮರೆತೇಹೋಗಿತ್ತು. ಅದು ಹಾರಾಡಿದ್ದು ಕಂಡು ಓಟ ಶುರುವಾಯಿತೆಂದು ಏಳೂ ಜನ ನನ್ನ ಹಿಂದೆ ನುಗ್ಗಿದರು. ಎರ್ನಾಝರ್ ನನ್ನನ್ನು ಬೇಲಿಗೆ ತಳ್ಳಿ ಮುಂದೆ ಹೋದ. ನಾನು ಏದುಸಿರು ಬಿಡುತ್ತ ಒಳಗೆ ಬರುವಷ್ಟರಲ್ಲಿ ಅವನು ಗೆದ್ದು, ಚಾಕು ಹಿಡಿದು, ರೇಡಿಯೋಲಾದ ಮುಂದೆ ಮಂಡಿಯೂರಿದ್ದ. ಹಾಡು ನಡೆದೇ ಇತ್ತು. ಕೂರಿ ಅಂದ್ರೆ ಕೂರಲ್ಲ, ನೋವಾ ಅಂದ್ರೆ ಒಪ್ಪಲ್ಲ. ಪೆರಿಝಾತ್ ಬಾವಿಕಟ್ಟೆಯ ಹಿಂದೆ ಅಡಗಿದ್ದಳು. ಐವತ್ತು ಜನ ಇನ್ನೂ ನಿಂತೇ ಇದ್ದರು. ಕೂರುವುದೋ ಬಿಡುವುದೋ ಯಾರಿಗೂ ತಿಳಿಯುತ್ತಿರಲಿಲ್ಲ.

"ನಿಲ್ಲು," ಎಂದರು ಆತಾ. ಎರ್ನಾಝರನ ಕೈ ನಿಂತಿತು. ಅವರು ಸೌಟು ಹಿಡಿದೇ ಚಾಪೆಯವರೆಗೆ ನಡೆದು ಬಂದರು. ಹಾಡಿನ ಹೆಜ್ಜೆಗೂ ಅವರ ಹೆಜ್ಜೆಗೂ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ತಿಲೆಕ್, ಇದು ಯಾರ ನಡಿಗೆ?"

"ನಿಮ್ದು, ಆತಾ. ಹಲ್ಲಿನ ಆಸ್ಪತ್ರೇಲಿ ನಡೆದ್ರಲ್ಲ, ಅದು. ಮೊದ್ಲು ನಿಮಗೊಬ್ರಿಗೇ ಕೇಳಿಸ್ಬೇಕು ಅಂತಿದ್ದೆ. ಬೇಡ ಅಂದ್ರೆ ನೂರೂ ಪ್ರತೀನ ಈಗ್ಲೇ ಒಲೆಗೆ ಹಾಕ್ತೀನಿ."

ಅವರು ರೇಡಿಯೋ ಇಲಾಖೆಯಲ್ಲಿ ತಂತಿಗೆ ಕಿವಿಗೊಡುತ್ತಿದ್ದ ಹಾಗೆ ತಲೆ ಓರೆ ಮಾಡಿ ಹಾಡು ಕೇಳಿದರು. ನನಗೆ ಅಳು ಬರುವಂತಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಕೊನೆಗೆ ಕುಸ್ತಿಪಟುವಿನ ಕೈಲಿದ್ದ ಚಾಕುವನ್ನು ಸೌಟಿನಿಂದ ತೋರಿಸಿದರು.

"ಈ ಕೂಸು ಆಗ್ಲೇ ನಡೀತಾ ಇದೆ, ಬುರುಲ್ಚಾ. ಇವನು ಕತ್ತರಿಸಿದ್ರೆ ಇದ್ದ ನಡಿಗೆ ಕೆಡುತ್ತೆ."

ತಾಯೆಜೆ ಸೊಂಟದ ಮೇಲೆ ಕೈಯಿಟ್ಟಳು. ಅಕ್ಕನ ಗಂಡನನ್ನು, ತನ್ನ ಜೆಜ್ದೆಯನ್ನು, ಕಾಡುವ ಹಕ್ಕು ನಾದಿನಿಗೆ ಹುಟ್ಟಿನಿಂದ ಬಂದದ್ದು. ಆದರೂ ಅವಳ ಕಣ್ಣು ಒದ್ದೆಯಾದದ್ದು ನಾನು ನೋಡಿದೆ.

"ಓಡದೆ ಚಾಕು ಕೊಡೋ ಪದ್ಧತಿ ನಮ್ಮಲ್ಲಿಲ್ಲ, ಜೆಜ್ದೆ. ಬೇಕು ಅಂದ್ರೆ ಪಾಪ್ಲರ್ ಮರದಿಂದ ಓಡಿ ಬನ್ನಿ. ಈ ವಯಸ್ಸಲ್ಲಿ ಆಗಲ್ಲ ಅಂದ್ರೆ ಬೂರ್ಸೋಕ್ ಕರೀರಿ."

ಆತಾ ಸೌಟನ್ನು ಅವಳ ಕೈಗಿತ್ತು ಗೇಟು ದಾಟಿದರು. ಎಪ್ಪತ್ತೆರಡು ವರ್ಷದ ನನ್ನ ತಂದೆ ಓಣಿಯ ತುದಿಯವರೆಗೆ ನಡೆದು, ಮತ್ತೆ ಅಲ್ಲಿಗೆ ಹೋಗಿ ನಿಂತ ಏಳು ಜನರ ಸಾಲಿನಲ್ಲಿ ಎಂಟನೆಯವರಾಗಿ ನಿಂತರು. ಬಿಟ್ಟುಕೊಟ್ಟವನ ಕಾಲು ಮುರಿಯುತ್ತೇನೆ ಎಂದು ಎಚ್ಚರಿಕೆಯನ್ನೂ ಕೊಟ್ಟರಂತೆ. ತಾಯೆಜೆ ಬೆರಳಿನಿಂದ ಮುಳ್ಳನ್ನು ಚರ್ರನೆ ಹಿಂದಕ್ಕೆಳೆದು ಮೂರನೆಯ ಹಾಡನ್ನು ಮತ್ತೆ ಹಚ್ಚಿದಳು. ಹೊಸ ರೆಕಾರ್ಡಿನ ಮೇಲೆ ಆ ಗೀರು ಇವತ್ತಿಗೂ ಇದೆ. ನಾನು ಬೈಯಲಿಲ್ಲ.

ನಾನು ಈ ಸಲ ಗೇಟಿನಿಂದಲೇ ಕರವಸ್ತ್ರ ಬೀಸಿದೆ. ಬಿಟ್ಟುಕೊಟ್ಟರೆ ಕಾಲು ಮುರಿಯುವ ಭಯ, ಬಿಟ್ಟುಕೊಡದಿದ್ದರೆ ತಾಯೆಜೆಯ ಭಯ. ಆರು ಜನ ಓಡುತ್ತಲೇ ಹಿಂದುಳಿಯುವ ವಿದ್ಯೆ ತೋರಿಸಿದರು. ಎರ್ನಾಝರ್ ಮಾತ್ರ ಹೇಳಿದ ಮಾತನ್ನು ಹೇಳಿದ ಹಾಗೇ ನಂಬುವ ಹುಡುಗ. ಗೂಳಿಯಂತೆ ನುಗ್ಗಿ ಬಂದ. ಗೇಟಿನ ಬಳಿ ಅವನ ಕಾಲುಗಳ ನಡುವೆ ಜಾಲರಿ ಸೌಟಿನ ಉದ್ದದ ಹಿಡಿಕೆ ತೂರಿತು. ಜಿಲ್ಲೆಯಲ್ಲಿ ಯಾರೂ ಚಿತ್ ಮಾಡದ ಕುಸ್ತಿಪಟುವನ್ನು ಅರವತ್ತಾರರ ಮುದುಕಿ ಕಾಲುವೆಯಲ್ಲಿ ಅಂಗಾತ ಮಲಗಿಸಿದಳು.

ಆತಾ ಬಂದರು. ಥಪ್, ಸರ್ರ್, ಥಪ್, ಸರ್ರ್. ಟೊಪ್ಪಿ ಎಲ್ಲೋ ಬಿದ್ದಿತ್ತು, ಮುಖ ಕೆಂಪಾಗಿತ್ತು, ಎಡಗಾಲು ಧೂಳಿನಲ್ಲಿ ಉದ್ದಕ್ಕೂ ಗೆರೆ ಎಳೆದಿತ್ತು. ಅವರು ಓಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಯಾರೂ ನಗಲಿಲ್ಲ, ಯಾರೂ ಕಣ್ಣು ತಪ್ಪಿಸಲೂ ಇಲ್ಲ. ಚಾಕು ತೆಗೆದುಕೊಂಡು ಬಗ್ಗಿ ದಾರ ಕತ್ತರಿಸಿದರು. ನನ್ನ ಕಡೆ ತಿರುಗಿ, ಎಡಗಡೆ ಸ್ವಲ್ಪ ಗುಂಯ್ ಅನ್ನುತ್ತಿದೆ ಎಂದರು. ಬೇಕಂತಲೇ ಬಿಟ್ಟದ್ದು ಎಂದೆ. ಗೊತ್ತು ಎಂದರು.

ಹಿರಿಯರು ಕೂರದೆ ಯಾರೂ ಕೂರುವಂತಿರಲಿಲ್ಲ. ಐವತ್ತು ಜನ, ಕಾಲುವೆಯಿಂದ ಎದ್ದು ನೀರು ಸುರಿಸುತ್ತಿದ್ದ ಎರ್ನಾಝರನೂ ಸೇರಿ, ನಿಂತೇ ಇದ್ದರು. ಆತಾ ಸುತ್ತ ಒಮ್ಮೆ ನೋಡಿದರು. ಒಂದು ಕೈಯನ್ನು ರೇಡಿಯೋಲಾದ ಮೇಲೆ ಊರಿ, ಎಡಗಾಲನ್ನು ಮುಂದಕ್ಕೆ ಚಾಚಿ, ಎಲ್ಲರೂ ನೋಡುತ್ತಿರುವಂತೆಯೇ ನಿಧಾನವಾಗಿ ಚಾಪೆಯ ಮೇಲೆ ಕೂತರು. ಆಮೇಲೆ ಅಂಗಳವೆಲ್ಲ ಕೂತಿತು. ಆ ಮಗ್ಗುಲಿನ ಉಳಿದ ಎರಡು ಹಾಡುಗಳನ್ನು ಅವರು ತಲೆ ಓರೆ ಮಾಡಿಕೊಂಡೇ ಕೇಳಿದರು. ಕಡಾಯಿಯಲ್ಲಿ ಬೂರ್ಸೋಕ್ ಸೀದುಹೋದವು. ಯಾರೂ ಏಳಲಿಲ್ಲ.

ಹಾಡು ಮುಗಿದು ತಟ್ಟೆ ಸುಮ್ಮನೆ ಸುತ್ತತೊಡಗಿತು. ಆತಾ ನನ್ನನ್ನು ಹತ್ತಿರ ಕರೆದರು.

"ಆ ಮಗ್ಗುಲೂ ಹಾಕು," ಎಂದರು. "ಮುಗಿದ್ಮೇಲೆ ಏಳೋಕೆ ನಂಗೊಂದು ಕೈ ಕೊಡು."